ಅಕ್ಕನ ಭುಜ

ಕಳೆದ ಚಳಿಗಾಲದಲ್ಲಿ ನನ್ನ ಬಲಭುಜ ಬಿಗಿದುಕೊಂಡಿತು. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾಗದು, ಜಾಕೆಟ್ಟಿನ ತೋಳಿಗೆ ಕೈ ತೂರಿಸಲಾಗದು. ಫ್ರೋಜನ್ ಶೋಲ್ಡರ್ ಎಂದರು ಡಾಕ್ಟರು. ಹೆಸರು ಹೊಸದು, ನೋವು ಮಾತ್ರ ಕಂಡದ್ದೇ. ಹುಬ್ಬಳ್ಳಿಯಲ್ಲಿ ನನ್ನ ಅಕ್ಕನಿಗೂ ಹೀಗೇ ಆಗಿತ್ತು. ಅವಳ ಗಂಡನ ಮನೆಯವರು ಮೂಳೆ ಕೂರಿಸುವವನೊಬ್ಬನನ್ನು ಕರೆಸಿದ್ದರು. ಇಬ್ಬರು ಅವಳನ್ನು ಒತ್ತಿ ಹಿಡಿದರು, ಅವನು ಕೈಯನ್ನು ಮೇಲಕ್ಕೆ ಎಳೆದ. “ತಡೀರಿ, ನಾನ ಎತ್ತತೇನಿ!” ಎಂದು ಅವಳು ಕೂಗಿದ್ದು ಪಡಸಾಲೆಯಲ್ಲಿದ್ದ ನನಗೆ ಕೇಳಿಸಿತ್ತು. ಯಾರೂ ಕಾಯಲಿಲ್ಲ. ಆ ಕೈ ಮತ್ತೆ ಮೇಲೇಳಲೇ ಇಲ್ಲ. ಅಕ್ಕ ಈಗ ಬದುಕಿಲ್ಲ.

ನಾನಿರುವ ಪರದೇಶದ ಊರು ಮಾಲ್ಟನ್ನಿನ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲಿ ನನಗೆ ಸಿಕ್ಕವರು ಗಡಿಬಿಡಿಯ ಮನುಷ್ಯ. ಗೋಡೆಗೆ ಬೆರಳು ಹತ್ತಿಸಲು ನಿಲ್ಲಿಸಿ, “ಕಮ್ ಆನ್, ಅಪ್, ಅಪ್” ಎನ್ನುತ್ತ ಮೊಣಕೈ ಹಿಡಿದರೆ ಸಾಕು, ಭುಜ ಕಲ್ಲಾಗುತ್ತಿತ್ತು. ಕನ್ನಡಿಯಲ್ಲಿ ಹಲ್ಲು ಕಚ್ಚಿ ನಿಂತ ಮುಖ ಥೇಟ್ ಅಕ್ಕನದು. ವಾರಗಟ್ಟಲೆ ಹೋದರೂ ಕೈ ಎದೆಯ ಮಟ್ಟ ದಾಟಲಿಲ್ಲ.

ಅವರು ರಜೆ ಹಾಕಿದ ದಿನ ಪಂಜಾಬಿ ಹುಡುಗಿಯೊಬ್ಬಳು ಬಂದಳು. ನನ್ನನ್ನು ಮುಟ್ಟಲಿಲ್ಲ. “ಆಂಟೀಜೀ, ಸ್ಟಿಕ್, ವಾಲ್, ಪುಲ್ಲಿ... ಪೆಹಲೇ ಕ್ಯಾ ಕರೇಂ?”

ಮೊದಲು ಯಾವುದೆಂದು ನನ್ನನ್ನೇ ಕೇಳುತ್ತಿದ್ದಾಳೆಂದು ತಿಳಿಯಲು ಗಳಿಗೆ ಬೇಕಾಯಿತು. “ವಾಲ್” ಎಂದೆ. ಎಷ್ಟು ಸಲವೆಂದು ಎಣಿಸುವವರು ಯಾರೆಂದೂ ಕೇಳಿದಳು. ನಾನೇ ಎಂದೆ.

ಗೋಡೆಯ ಮೇಲೆ ಬೆರಳುಗಳನ್ನು ಒಂದೊಂದಾಗಿ ಹತ್ತಿಸಿದೆ. ಭುಜದ ಮಟ್ಟಕ್ಕೆ ಬಂದಾಗ ನೋವು ಚುಚ್ಚಿತು. ಬೇಕೆಂದರೆ ನಿಲ್ಲಿಸಬಹುದಿತ್ತು, ಅದಕ್ಕೇ ಇರಬೇಕು, ನಿಲ್ಲಿಸಲಿಲ್ಲ. ಬೆರಳು ಹಣೆಯನ್ನೂ ದಾಟಿತು. ಆಗ ಬೆನ್ನ ಹಿಂದೆಯೇ ಅಕ್ಕನ ದನಿ: “ನನ್ನ ಯಾರೂ ಕೇಳ್ಲಿಲ್ಲ ನೋಡವಾ.”

ತಿರುಗಿದೆ. ಹುಡುಗಿ ದೂರದಲ್ಲಿ ಟವೆಲ್ ಮಡಚುತ್ತಿದ್ದಳು. ಇದೇ ವ್ಯಾಯಾಮ ಇಷ್ಟು ದಿನ ಯಾಕೆ ಬರಲಿಲ್ಲ ಎಂದೆ. ಇವತ್ತು ಆರಿಸಿಕೊಂಡದ್ದು ನೀವು, ಅಷ್ಟೇ ಎಂದು ಹಿಂದಿಯಲ್ಲಿ ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ.

ಮುಂದೆ ಅವಳ ಹತ್ತಿರವೇ ಹೋದೆ. ಬೇಸಿಗೆಯ ಹೊತ್ತಿಗೆ ಕೈ ಪೂರ್ತಿ ಮೇಲೆದ್ದಿತು. ಈಗ ಜಡೆಯನ್ನು ನಾನೇ ಹೆಣೆದುಕೊಳ್ಳುತ್ತೇನೆ. ಆದರೂ ಮನೆಯ ಬೇಸ್‌ಮೆಂಟಿನ ಗೋಡೆಗೆ ಬೆರಳು ಹಚ್ಚಿದಾಗಲೆಲ್ಲ ಹಿಂದೆ ಒಬ್ಬರು ನಿಂತಿರುತ್ತಾರೆ. ಮೊನ್ನೆ ಮಗಳು ಮೆಟ್ಟಿಲ ಮೇಲಿಂದ, “ಮಮ್ಮೀ, ಹೂ ಆರ್ ಯೂ ಟಾಕಿಂಗ್ ಟು?” ಎಂದಳು.

“ಯಾರೂ ಇಲ್ಲ ಬಿಡವಾ” ಎಂದೆ.

ಅವಳು ಹೋದ ಮೇಲೆ ಮೆಲ್ಲಗೆ ಹೇಳಿದೆ: “ಅವಸರ ಇಲ್ಲಕ್ಕ. ನಿನಗ ಬೇಕಾದಾಗ ಎತ್ತು.”