ಕಿತ್ತಳೆ ಚುಕ್ಕಿಯ ಬೆನ್ನು ಹತ್ತಿದ ಉಪ್ಪಕ್ಕ

ಸೂರ್ಯ ಇನ್ನೂ ಮೇಲೆ ಬಂದಿಲ್ಲ. ಉಪ್ಪುನೀರಿನ ಕೆರೆಯ ಅಂಚಿನಲ್ಲಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತ ಹೆಂಗಸೊಬ್ಬರು ಪ್ಲಾಸ್ಟಿಕ್ ಕೊಳವೆಯನ್ನು ಎರಡೂ ಕೈಯಿಂದ ಅದುಮುತ್ತಿದ್ದಾರೆ. ಮೇಲೆತ್ತಿದರೆ ಕೊಳವೆಯ ತುಂಬ ಕಪ್ಪು ಹೂಳು, ಕೊಳೆತ ಮೊಟ್ಟೆಯ ನಾತ. ಜೊತೆಗೆ ಬಂದವರು ಮೂಗು ಮುಚ್ಚಿಕೊಂಡರೆ ಅವರಿಗೆ ನಗು. "ಇದೇನ್ ಮಹಾ! ಬಿಸಿಲೇರಿದ ಮೇಲೆ ಬಂದಿದ್ರೆ ಗೊತ್ತಾಗ್ತಿತ್ತು."

ಇವರು ಸೂಕ್ಷ್ಮಜೀವಿ ಪ್ರಯೋಗಾಲಯದ ಸಹಾಯಕಿ. ಸೂಕ್ಷ್ಮಜೀವಿಗಳಿಗೆಂದು ಉಪ್ಪು ಬೆರೆಸಿದ ಆಹಾರವನ್ನು ಗಾಜಿನ ತಟ್ಟೆಗಳಿಗೆ ಹುಯ್ದು, ಮೇಲೆ ಹೂಳಿನ ನೀರು ಸವರಿ, ಏನು ಬೆಳೆಯುತ್ತದೆಂದು ಕಾಯುವುದು ಕೆಲಸ. ಉಪ್ಪಿನಲ್ಲಿ ಕೈಯಾಡಿಸಿ ಬೆರಳ ಸಂದಿಗಳೆಲ್ಲ ಒಡೆದಿವೆ. ಹಾಗಾಗಿ ಎಲ್ಲರ ಬಾಯಲ್ಲೂ ಇವರು ಉಪ್ಪಕ್ಕ.

ಕೆಲವು ವರ್ಷಗಳ ಹಿಂದೆ, ಬಿಸಾಡಲು ಎತ್ತಿಟ್ಟ ತಟ್ಟೆಯೊಂದರಲ್ಲಿ ಸಾಸಿವೆಯಷ್ಟು ಕಿತ್ತಳೆ ಚುಕ್ಕಿಗಳು ಕಂಡವು, ಯಾವುದೋ ಸೂಕ್ಷ್ಮಜೀವಿಯ ಗುಂಪುಗಳು. "ಗಾಳಿಯಿಂದ ಬಿದ್ದದ್ದಿರಬಹುದು. ಆದ್ರೂ ಬೆಳೆಸಿ ನೋಡೋಣ ಕಣೇ," ಎಂದರು ಪ್ರಯೋಗಾಲಯದ ಮುಖ್ಯಸ್ಥೆ. ಉಪ್ಪಿಲ್ಲದ ತಟ್ಟೆಯಲ್ಲಿ ಅದು ಉಸಿರೆತ್ತಲಿಲ್ಲ. ಸಮುದ್ರವನ್ನೂ ಮೀರಿಸುವ ಉಪ್ಪಿನಲ್ಲಿ ಹುಲುಸಾಗಿ ಬೆಳೆಯಿತು. ವಂಶವಾಹಿ ಓದಿಸಿದರೆ ಹತ್ತಿರದ ನೆಂಟರು ಸಿಕ್ಕರು, ಇದೇ ಅದು ಎನ್ನುವಂಥದ್ದು ಒಂದೂ ಸಿಗಲಿಲ್ಲ.

ಆದರೆ ಹೊಸ ಪ್ರಭೇದವೆಂದು ಜಗತ್ತು ಒಪ್ಪಬೇಕಾದರೆ ಜೀವಂತ ಮಾದರಿಯನ್ನು ಎರಡು ದೇಶಗಳ ಸೂಕ್ಷ್ಮಜೀವಿ ಸಂಗ್ರಹಾಲಯಗಳಿಗೆ ಕೊಡಬೇಕು. ಕಳಿಸುವ ಮೊದಲೇ ಮಾದರಿ ಇಟ್ಟಿದ್ದ ಫ್ರೀಜರ್ ಕೆಟ್ಟು ಇದ್ದಬದ್ದದ್ದೆಲ್ಲ ಸತ್ತುಹೋಯಿತು. "ಯಾರ್ ಮಾತಾಡ್ಸಿದ್ರೂ ಅಳು ಬರೋದು," ಎನ್ನುತ್ತಾರೆ ಉಪ್ಪಕ್ಕ.

ಮತ್ತೆ ಕೆರೆಗೆ ಹೋದರೆ, ಬೇಸಿಗೆಗೆ ಬತ್ತಿ ಬರೀ ಬಿಳಿ ಉಪ್ಪಿನ ಪದರ. ಉಪ್ಪಕ್ಕ ಗುದ್ದಲಿ ಎತ್ತಿದರು, ಮುಖ್ಯಸ್ಥೆಯೂ ತೋಳೇರಿಸಿ ಜೊತೆಗೂಡಿದರು. ಪದರ ಒಡೆದು ಅಗೆದಾಗ ಆಳದಲ್ಲಿ ಹಸಿ ಹೂಳು ಸಿಕ್ಕಿತು. ಅದನ್ನು ತಟ್ಟೆಗಳಿಗೆ ಸವರಿ ವಾರಗಟ್ಟಲೆ ಕಾದರು. ಬೇರೆಲ್ಲ ಬೆಳೆಯಿತು, ಇದೊಂದು ಮಾತ್ರ ಇಲ್ಲ. ಕೊನೆಗೊಂದು ಬೆಳಿಗ್ಗೆ ಉಪ್ಪಕ್ಕನ ಕೂಗು ಓಣಿಯವರೆಗೂ ಕೇಳಿಸಿತು: "ಮೇಡಂ, ಬಂದ್ಬಿಟ್ಟಿದೆ!" ಮುಖ್ಯಸ್ಥೆ ಕನ್ನಡಕ ಮರೆತು ಓಡಿಬಂದರು. ವಂಶವಾಹಿ ಮತ್ತೆ ಓದಿಸಿದರು. ಅದೇ!

ಈಗ ಎರಡೂ ಸಂಗ್ರಹಾಲಯಗಳಲ್ಲಿ ಅದು ಜೀವಂತವಾಗಿದೆ, ಹೊಸ ಪ್ರಭೇದವೆಂದು ವಿಜ್ಞಾನ ಪತ್ರಿಕೆಯಲ್ಲಿ ಅಚ್ಚೂ ಆಗಿದೆ. "ಇದಕ್ಕೆ ನಿನ್ನ ಹೆಸರೇ ಇಡ್ತೀನಿ, ಬೇಡ ಅನ್ಬೇಡ," ಎಂದಿದ್ದರಂತೆ ಮುಖ್ಯಸ್ಥೆ.

"ಬೇಡ ಅಂತ ನಾನ್ಯಾಕೆ ಅನ್ಲಿ? ಕೆಸರು ಹೊತ್ತಿಲ್ವಾ ನಾನು!" ಉಪ್ಪಕ್ಕ ಬಾಯ್ತುಂಬ ನಗುತ್ತಾರೆ.

ಸೊಸೆಯ ಹೆಸರು ಹುಳವೊಂದಕ್ಕೆ ಹೋಯಿತೆಂದು ಮನೆಯಲ್ಲಿ ಅತ್ತೆಗೆ ಮೊದಮೊದಲು ಕಸಿವಿಸಿ. ಈಗ ಪಕ್ಕದ ಮನೆಯವರನ್ನು ಅವರೇ ಕರೆದು ಕೂರಿಸಿಕೊಳ್ಳುತ್ತಾರೆ. "ಎಂಥಾ ಉಪ್ಪಲ್ಲೂ ಜಗ್ಗಲ್ವಂತೆ ಅದು. ಹೆಸರು ಯಾರ್ದು ಹೇಳಿ? ನಮ್ಮ ಸೊಸೇದು!"