ಒಂದು ಸೌಟು ಸೇಬು

ನಮ್ಮ ಕಾರ್ಖಾನೆಯಲ್ಲಿ ಆಕೆಯನ್ನು ಹೆಸರು ಹಿಡಿದು ಕರೆದವರಿಲ್ಲ. ಎಲ್ಲರಿಗೂ ಆಕೆ ರುಚಿಯಕ್ಕ. ಮಕ್ಕಳ ಆಹಾರ ಬೇಯುವ ದೊಡ್ಡ ಹಂಡೆಗಳ ಮುಂದೆ ಚಮಚ ಹಿಡಿದು ನಿಲ್ಲುವುದೇ ಆಕೆಯ ಕೆಲಸ. ಆಕೆ ಒಂದು ಚಮಚ ಬಾಯಿಗಿಟ್ಟು, ಕಣ್ಣು ಮುಚ್ಚಿ, ಹೂಂ ಅಂತ ತಲೆಯಾಡಿಸಿದ ಮೇಲೆಯೇ ಹಂಡೆಯಲ್ಲಿದ್ದದ್ದು ನನ್ನ ಯಂತ್ರಕ್ಕೆ ಬರುತ್ತದೆ. ನಾನು ಅದನ್ನು ಮೂತಿಯಿರುವ ಪುಟ್ಟ ಪೊಟ್ಟಣಗಳಿಗೆ ತುಂಬಿಸಿ ಮುಚ್ಚಳ ಹಾಕುತ್ತೇನೆ. ಹಲ್ಲು ಬಾರದ ಗಿರಾಕಿಗಳ ಪರವಾಗಿ ಸಂಬಳಕ್ಕೆ ತಿನ್ನುವವಳು ನೀನೊಬ್ಬಳೇ ಎಂದು ನಾನು ಕಾಲೆಳೆಯುತ್ತಿದ್ದೆ. ಉಪ್ಪಿಲ್ಲದ್ದು, ಖಾರವಿಲ್ಲದ್ದು ದಿನವಿಡೀ ನೆಕ್ಕಿ ನೆಕ್ಕಿ, ಮನೆಗೆ ಹೋದರೆ ಉಪ್ಪಿನ ಡಬ್ಬಿ ಪಕ್ಕದಲ್ಲಿಟ್ಟುಕೊಂಡೇ ಊಟಕ್ಕೆ ಕೂರುತ್ತೇನೆ ಎಂದು ಆಕೆಯೂ ನಗುತ್ತಿದ್ದಳು.

ನಮ್ಮಲ್ಲಿ ಎಲ್ಲವೂ ಸಾವಯವ. ಔಷಧಿ ಹೊಡೆಯದ ತರಕಾರಿ, ಮೇಣ ಬಳಿಯದ ಹಣ್ಣು. ಸಕ್ಕರೆ, ಬಣ್ಣ ಹತ್ತಿರಕ್ಕೂ ಸುಳಿಯುವಂತಿಲ್ಲ. ಕಾರ್ಖಾನೆಯ ಒಡತಿ ಮೇಡಂ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಸೊಪ್ಪಿನ ಕಂತೆಯಲ್ಲಿ ಒಂದು ಹುಳು ಕಂಡರೆ ಅವರಿಗೆ ಖುಷಿ; ಹುಳು ತಿಂದಿದೆ ಎಂದರೆ ಮಗುವೂ ತಿನ್ನಬಹುದು ಎನ್ನುವರು. ಇದರಲ್ಲಿ ಮೋಸವಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಹೇಳುವುದನ್ನು ಕೇಳಿ ನೀವು ನಮ್ಮನ್ನು ಕಳ್ಳರು ಅಂದುಕೊಳ್ಳಬಾರದು.

ಶುರುವಿನಲ್ಲಿ ನಾವು ಪಾಲಕ್ ಎಂದರೆ ಬರೀ ಪಾಲಕ್, ಬಟಾಣಿ ಎಂದರೆ ಬರೀ ಬಟಾಣಿ ಮಾಡುತ್ತಿದ್ದೆವು. ಅಂಗಡಿಗೆ ಹೋದದ್ದು ಹೋದ ಹಾಗೇ ವಾಪಸ್ ಬರುತ್ತಿತ್ತು. ಈ ವ್ಯಾಪಾರದ ಗುಟ್ಟೇನೆಂದರೆ, ಮಗುವಿನ ಊಟವನ್ನು ಆರಿಸುವುದು ಮಗುವಲ್ಲ, ತಾಯಿ. ಅವಳು ಮೊದಲು ತಾನು ಒಂದಿಷ್ಟು ನೆಕ್ಕಿ ನೋಡುತ್ತಾಳೆ. ಅವಳ ಮುಖ ಕಿವುಚಿತೋ, ಪೊಟ್ಟಣ ಮತ್ತೆ ಮನೆಗೆ ಬರುವುದಿಲ್ಲ. ಕಾರ್ಖಾನೆ ಮುಚ್ಚುವ ಮಾತು ಬಂತು. ಒಂದು ಬೆಳಿಗ್ಗೆ ಮೇಡಂ ಹಂಡೆಯ ಪಕ್ಕ ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ, ರುಚಿಯಕ್ಕ ಪಕ್ಕದ ಹಂಡೆಯಿಂದ ಒಂದು ಸೌಟು ಸೇಬಿನ ತಿರುಳು ತೆಗೆದು ಪಾಲಕ್‌ಗೆ ಸುರಿದಳು. ಎಲ್ಲರೂ ನೆಕ್ಕಿದೆವು. ಎಲ್ಲರ ಮುಖವೂ ಅರಳಿತು. ಆಮೇಲೆ ಆ ಒಂದು ಸೌಟು ಎರಡಾಯಿತು, ಬರಬರುತ್ತಾ ಪಾಲಕ್‌ಗಿಂತ ಸೇಬೇ ಜಾಸ್ತಿಯಾಯಿತು. ಬಟಾಣಿಗೂ ಸೇಬು, ಹೂಕೋಸಿಗೂ ಸೇಬು. ಪೊಟ್ಟಣದ ಮುಂದೆ ದೊಡ್ಡದಾಗಿ ಪಾಲಕ್ ಎಲೆಯ ಚಿತ್ರ. ಹಿಂದೆ ಸೇಬು ಇದೆ ಎಂದೂ ಬರೆದಿದೆ. ಸುಳ್ಳು ಎಲ್ಲೂ ಇಲ್ಲ. ನಮ್ಮೆಲ್ಲರ ಮನೆಯ ಒಲೆ ಆರದಂತೆ ನೋಡಿಕೊಂಡದ್ದು ಆ ಸೇಬೇ.

ರುಚಿಯಕ್ಕನಿಗೆ ಒಬ್ಬಳೇ ಮಗಳು. ಬಟ್ಟೆ ಅಂಗಡಿಯಲ್ಲಿ ಕೆಲಸ. ಹೆರಿಗೆ ರಜೆ ಮುಗಿಯುವ ಹೊತ್ತಿಗೆ ಮಗುವಿಗೆ ಏನು ತಿನ್ನಿಸುವುದು ಎಂಬ ಚಿಂತೆ ಹತ್ತಿತು. ದಿನಸಿ ಅಂಗಡಿಯಲ್ಲಿದ್ದ ಪೊಟ್ಟಣಗಳನ್ನೆಲ್ಲ ತಿರುವಿ ಮಗುಚಿ ನೋಡಿ, ಕೊನೆಗೆ ನಮ್ಮದನ್ನೇ ಆರಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ, "ಇದಕ್ಕೆ ನಮ್ಮಮ್ಮನ ನಾಲಿಗೆಯ ಗ್ಯಾರಂಟಿ ಇದೆ" ಅಂದಳಂತೆ. ರುಚಿಯಕ್ಕ ಅದನ್ನು ಕಾರ್ಖಾನೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದಳು. ಮೊಮ್ಮಗ ಗುಂಡನನ್ನು ನೋಡಲು ಹೋದಾಗಲೆಲ್ಲ ಆಕೆಯ ಕೈಚೀಲದಲ್ಲಿ ನಮ್ಮ ಪೊಟ್ಟಣ ಇದ್ದೇ ಇರುತ್ತಿತ್ತು.

ಗುಂಡನಿಗೆ ವರ್ಷ ತುಂಬಿತು. ಹಲ್ಲು ಬಂತು, ನಡಿಗೆ ಬಂತು, ತಂಟೆಯೂ ಬಂತು. ಆದರೆ ಪೊಟ್ಟಣ ಬಿಟ್ಟು ಬೇರೇನನ್ನೂ ಬಾಯಿಗೆ ಹಚ್ಚಲಿಲ್ಲ. ಮಗಳು ಕೆಲಸದಿಂದ ಬಂದು, ಕೈಕಾಲು ತೊಳೆದು, ಒಂದು ದಿನ ಕ್ಯಾರೆಟ್ ಬೇಯಿಸುವಳು, ಇನ್ನೊಂದು ದಿನ ಆಲೂಗಡ್ಡೆ ಹಿಸುಕುವಳು. ಅವನು ಥೂ ಎಂದು ಉಗಿಯುವನು.

ಒಂದು ಮಧ್ಯಾಹ್ನ ಉಗ್ರಾಣದ ಹಿಂದಿನ ಮೆಟ್ಟಿಲ ಮೇಲೆ ನಾವಿಬ್ಬರೂ ಊಟಕ್ಕೆ ಕೂತಿದ್ದೆವು. ರುಚಿಯಕ್ಕ ಡಬ್ಬಿಯ ಮುಚ್ಚಳವನ್ನೇ ತೆಗೆಯಲಿಲ್ಲ.

"ನಿನ್ನೆ ಅವಳು ಅತ್ತುಬಿಟ್ಳು ಕಣೇ. 'ನನ್ನ ಕೈಯಲ್ಲೇ ರುಚಿ ಇಲ್ಲ ಅಮ್ಮ, ನನ್ನ ಮಗನೇ ನನ್ನ ಅಡಿಗೆ ಉಗೀತಾನೆ' ಅಂತ. ಅಳಿಯ ಬೇರೆ ತಮಾಷೆಗೆ, 'ನಿನ್ನ ಅಡಿಗೆ ನಂಗೇ ಗಂಟಲಲ್ಲಿ ಇಳಿಯಲ್ಲ, ಪಾಪ ಅವನಿಗೆ ಇಳಿಯುತ್ತಾ' ಅಂದನಂತೆ."

"ನೀನೇನಂದೆ?"

"ಏನಂತ ಹೇಳ್ಲಿ? ತರಕಾರಿಗೂ ಸೇಬಿನ ರುಚಿನೇ ಇರುತ್ತೆ ಅಂತ ಅವನ ನಾಲಿಗೆಗೆ ಪಾಠ ಹೇಳಿದ್ದು ನಾನೇ ಅಲ್ವಾ. ಅವಳು ತಟ್ಟೆ ಹಿಡ್ಕೊಂಡು, 'ನೀನೊಂಚೂರು ತಿಂದು ನೋಡು ಅಮ್ಮ, ಏನು ಕಮ್ಮಿ ಆಗಿದೆ' ಅಂದ್ಳು. ಹೊಟ್ಟೆ ತುಂಬಿದೆ ಅಂದು ಎದ್ದು ಬಂದೆ."

ದಿನವಿಡೀ ಊರಿನ ಮಕ್ಕಳ ಊಟವನ್ನೆಲ್ಲ ರುಚಿ ನೋಡುವವಳು, ಹೆತ್ತ ಮಗಳ ಒಂದು ಚಮಚಕ್ಕೆ ಹೆದರಿ ಎದ್ದು ಬಂದಿದ್ದಳು. ನನಗೆ ಸಿಟ್ಟೂ ಬಂತು, ಅಯ್ಯೋ ಅನ್ನಿಸಿತು ಕೂಡ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡು ಎಂದೆ. ನಾಲಿಗೆ ಹೊರಳುವುದಿಲ್ಲ ಎಂದಳು. ಆಮೇಲೆ ಒಂದು ಉಪಾಯ ಹೇಳಿದಳು: ನಾಳೆ ಪಾಲಕ್ ಹಂಡೆಗೆ ಸೇಬು ಬೀಳುವ ಮೊದಲೇ ನಾನು ಕೆಲವು ಪೊಟ್ಟಣ ತುಂಬಿಸಿ ಕೊಡಬೇಕು. ಹೊರಗಿನಿಂದ ಅದೇ ಪೊಟ್ಟಣ, ಅದೇ ಎಲೆಯ ಚಿತ್ರ. ಮಗುವಿಗೆ ಗೊತ್ತಾಗದ ಹಾಗೆ ಸೊಪ್ಪಿನ ನಿಜವಾದ ರುಚಿ ಅಭ್ಯಾಸವಾಗುತ್ತದೆ, ಮಗಳಿಗೂ ಏನೂ ಹೇಳಬೇಕಾಗಿಲ್ಲ. ಎಂಥ ಪೆದ್ದು ಉಪಾಯ! ಆದರೂ ತುಂಬಿಸಿ ಕೊಟ್ಟವಳು ನಾನೇ.

ಗುಂಡನನ್ನು ಏನೆಂದುಕೊಂಡಿದ್ದೆವೋ. ಒಂದು ಸಲ ಹೀರಿದ್ದೇ ತಡ, ಗೋಡೆಗೆ ಉಗಿದು ಮನೆ ಹಾರಿಹೋಗುವಂತೆ ಕಿರುಚಿದನಂತೆ. ಮಗಳು ತಾನೂ ನೆಕ್ಕಿ ನೋಡಿದಳು. ಒಗರು. ಮೂಗಿಗೆ ಹಿಡಿದಳು. ಹಸಿ ಸೊಪ್ಪಿನ ವಾಸನೆ. ಮಾಲು ಕೆಟ್ಟಿದೆ, ಬೇರೆ ಮಕ್ಕಳು ತಿಂದು ಏನಾದರೂ ಆದರೆ ಗತಿಯೇನು ಎಂದು ಹೆದರಿ, ಪೊಟ್ಟಣದ ಮೇಲಿದ್ದ ನಂಬರಿಗೆ ಫೋನ್ ಮಾಡಿಬಿಟ್ಟಳು.

ಮಾರನೆಯ ದಿನ ನಾವು ಕೆಲಸಕ್ಕೆ ಬಂದಾಗ ಯಂತ್ರಗಳೆಲ್ಲ ನಿಂತಿದ್ದವು. ಹೊರಟಿದ್ದ ವ್ಯಾನನ್ನು ಅರ್ಧ ದಾರಿಯಿಂದ ವಾಪಸ್ ಕರೆಸಿದ್ದರು. ಮೇಡಂ ಮುಖದಲ್ಲಿ ರಕ್ತವೇ ಇರಲಿಲ್ಲ.

"ಪಾಲಕ್ ಕೆಟ್ಟಿದೆ ಅಂತ ಕಂಪ್ಲೇಂಟ್ ಬಂದಿದೆ. ರುಚಿಯಕ್ಕಾ, ನಿಮ್ಮ ನಾಲಿಗೆ ದಾಟಿ ಅದು ಹೇಗೆ ಹೊರಗೆ ಹೋಯ್ತು?"

ರುಚಿಯಕ್ಕ ನನ್ನ ಮುಖ ನೋಡಿದಳು. ಯಾರ ಮನೆಯ ಫೋನ್ ಎಂದು ನಮ್ಮಿಬ್ಬರಿಗೂ ಆ ಕ್ಷಣವೇ ಹೊಳೆಯಿತು. ಅಷ್ಟರಲ್ಲಿ ಹಂಡೆ ತೊಳೆಯುವ ಅಜ್ಜಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು.

"ನಂದೇ ತಪ್ಪಿರ್ಬೇಕು ಮೇಡಂ. ಕಣ್ಣು ಸರಿಯಾಗಿ ಕಾಣಲ್ಲ. ಸೋಪು ಎಲ್ಲೋ ಉಳಿದಿರ್ಬೇಕು. ಆ ಮಗುಗೆ ಏನೂ ಆಗ್ದೇ ಇರಲಪ್ಪ."

ರುಚಿಯಕ್ಕ ಆಗ ಮುಂದೆ ಬಂದಳು. ಅಜ್ಜಿಯ ಕೈ ಹಿಡಿದುಕೊಂಡೇ ಎಲ್ಲ ಹೇಳಿದಳು. ಮಗು ಯಾರದು, ಫೋನ್ ಯಾರದು, ಪೊಟ್ಟಣದಲ್ಲಿ ಏನಿತ್ತು. ಮುಚ್ಚಳ ಹಾಕಿದ್ದು ನಾನು ಎಂದು ನಾನೂ ಒಪ್ಪಿಕೊಂಡೆ. ಬೈಗುಳಕ್ಕೆ ಕಾದು ನಿಂತೆವು. ಮೇಡಂ ಮಾತ್ರ ಮಣೆಯ ಮೇಲೆ ಕುಸಿದು ಕೂತು, "ಬರೀ ಪಾಲಕ್ ಇದ್ದಿದ್ದಕ್ಕೆ ಕೆಟ್ಟಿದೆ ಅಂದ್ರಾ?" ಎಂದು ಕೇಳಿದರು. ಮತ್ತೆ ಎದ್ದು, "ಮೊದಲು ಹೋಗಿ ಮಗಳಿಗೆ ಹೇಳಿ. ನಮ್ಮ ವಿಚಾರ ಆಮೇಲೆ ನೋಡೋಣ" ಎಂದರು.

ಒಬ್ಬಳೇ ಹೋಗುವ ಧೈರ್ಯ ಆಕೆಗಿರಲಿಲ್ಲ. ಸಂಜೆ ನನ್ನ ಕೈ ಹಿಡಿದು ಎಳೆದುಕೊಂಡೇ ಹೋದಳು. ಮಗಳು ಗುಂಡನನ್ನು ಎತ್ತರದ ಕುರ್ಚಿಯಲ್ಲಿ ಟವೆಲಿನಿಂದ ಕಟ್ಟಿ ಕೂರಿಸಿ, ಬೇಯಿಸಿದ ಕ್ಯಾರೆಟ್ ಮುಂದಿಟ್ಟುಕೊಂಡು ಸರ್ಕಸ್ ಮಾಡುತ್ತಿದ್ದಳು. ಗೋಡೆಯ ಮೇಲೆ ಹಸಿರು ಕಲೆಯ ಪಕ್ಕದಲ್ಲಿ ಈಗ ಕೇಸರಿ ಕಲೆಯೂ ಇತ್ತು. ಅಮ್ಮನನ್ನು ಕಂಡು ಅವಳ ಮುಖ ಹುಳ್ಳಗಾಯಿತು.

"ಬೇಜಾರು ಮಾಡ್ಕೋಬೇಡಮ್ಮ, ಫೋನ್ ಮಾಡಿದ್ದು ನಾನೇ. ನಿನ್ನ ಮಗಳು ಅಂತ ಹೇಳ್ಲಿಲ್ಲ. ನಿನಗೆ ತೊಂದರೆ ಆಗ್ಬಾರ್ದು ಅಂತ."

ಇದನ್ನು ಕೇಳಿ ರುಚಿಯಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ನಿಂತಲ್ಲೇ ನಿಂತು, ಚಪ್ಪಲಿಯನ್ನೂ ಬಿಡದೆ, ಮೊದಲ ಸೌಟಿನಿಂದ ಹಿಡಿದು ಎಲ್ಲವನ್ನೂ ಹೇಳಿ ಮುಗಿಸಿದಳು.

ಮಗಳು ಗೋಡೆಯ ಮೇಲಿನ ಹಸಿರು ಕಲೆಯ ಕಡೆ ನೋಡಿದಳು.

"ಹಾಗಾದ್ರೆ ಆ ಪಾಲಕ್ ಕೆಟ್ಟಿರ್ಲಿಲ್ಲ."

"ಇಲ್ಲ. ಅದು ಇರೋದೇ ಹಾಗೆ."

ಮಗಳು ಕ್ಯಾರೆಟ್ ಬಟ್ಟಲನ್ನು ಮುಂದಕ್ಕೆ ತಳ್ಳಿದಳು. "ಇದನ್ನ ನೋಡಿ ಹೇಳು. ಅಮ್ಮ ಆಗಿ ಬೇಡ. ಕಾರ್ಖಾನೆಯಲ್ಲಿ ಹೇಳೋ ಹಾಗೆ ಹೇಳು."

ರುಚಿಯಕ್ಕ ಒಂದು ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅಷ್ಟು ಹೊತ್ತು ಆಕೆ ಯಾವ ಹಂಡೆಯ ಮುಂದೆಯೂ ಕಣ್ಣು ಮುಚ್ಚಿ ನಿಂತದ್ದನ್ನು ನಾನು ಕಂಡಿಲ್ಲ. ಮುಚ್ಚಿದ ರೆಪ್ಪೆಯಿಂದಲೇ ನೀರು ಇಳಿಯಿತು.

"ಏನೂ ಕಮ್ಮಿ ಇಲ್ಲ. ಏನೂ ಸೇರಿಸ್ಬೇಡ."

"ಇದೊಂದು ಮಾತು ಅವತ್ತೇ ಹೇಳಿದ್ರೆ ಆಗ್ತಿತ್ತಲ್ಲಮ್ಮ," ಎಂದಳು ಮಗಳು. ದನಿ ಏರಿಸಲಿಲ್ಲ. ಏರಿಸಿದ್ದರೆ ರುಚಿಯಕ್ಕನಿಗೆ ಸ್ವಲ್ಪ ಹಗುರವಾಗುತ್ತಿತ್ತೇನೋ. "ಇಷ್ಟು ದಿನ ನಾನು ನನ್ನ ಕೈನೇ ಬೈಕೊಂಡೆ."

ರುಚಿಯಕ್ಕ ಅದೇ ಬಟ್ಟಲಿನಿಂದ ಒಂದು ಚಮಚ ತುಂಬಿಕೊಂಡು ಮೊಮ್ಮಗನ ಮುಂದೆ ಬಗ್ಗಿದಳು. ಗುಂಡ ಅಜ್ಜಿಯನ್ನು ನೋಡಿ ಕಿಲಕಿಲ ನಕ್ಕ. ಚಮಚ ಹತ್ತಿರ ಬಂದಾಗ ತುಟಿ ಬಿಗಿದು, ಅದನ್ನು ಪಕ್ಕಕ್ಕೆ ಸರಿಸಿ, ಆಕೆಯ ಹೆಗಲಲ್ಲಿದ್ದ ಕೈಚೀಲದ ಕಡೆಗೆ ಎರಡೂ ಕೈ ಚಾಚಿದ.