ರುಮಾಲಿನ ಗಿಡ ಮತ್ತು ನನ್ನದೊಂದು ತಿದ್ದುಪಡಿ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ತೋಟಗಳಲ್ಲಿ ಕತ್ತರಿ ಹಿಡಿದವರು ಬಹಳ. ಆದರೆ ಗಿಡದ ಮನಸ್ಸು ಅರಿತು ಕತ್ತರಿ ಆಡಿಸಿದವರೆಂದರೆ ಕಟಕೋಳದ ಶ್ರೀ ದುರ್ಗಪ್ಪನವರೇ ಎಂಬುದು ಅವರ ಕೈಕೆಲಸ ಕಂಡವರೆಲ್ಲರ ಮಾತು. ಬೈಲಹೊಂಗಲದ ಹೊರಗಿನ ಸರಕಾರಿ ಬಂಗಲೆಯಲ್ಲಿ ಮೂವತ್ತೊಂದು ವರ್ಷ ಮಾಳಿಯಾಗಿ ದುಡಿದು ಈ ೧೯೨೨ರಲ್ಲಿ ಅವರು ನಿವೃತ್ತರಾಗುತ್ತಿರುವಾಗ, ಅಲ್ಲಿಯೇ ಕಾರಕೂನನಾಗಿದ್ದ ಸತ್ಯಪ್ಪನೆಂಬ ನನಗೂ ನಾಲ್ಕು ಮಾತು ಬರೆಯಲು ಸನ್ಮಾನ ಸಮಿತಿಯವರು ಹೇಳಿದ್ದಾರೆ. ಹೊಗಳುವುದು ಸುಲಭ. ನಾನು ಬರೆಯಬೇಕಾದದ್ದು ಬೇರೆಯೇ ಇದೆ.

ಬಂಗಲೆಯ ಮುಂದೆ ಹಿಂದಿನ ಸಾಹೇಬರೊಬ್ಬರು ಹಚ್ಚಿಸಿದ, ಅವರು ಸೈಪ್ರೆಸ್ ಎನ್ನುತ್ತಿದ್ದ ಸುರು ಗಿಡಗಳ ಬೇಲಿಯಿತ್ತು. ಸದಾ ಹಸಿರಾದ ಆ ಗಿಡಗಳು ಎರಡಾಳೆತ್ತರ ಬೆಳೆದು, ಕಚೇರಿಯ ಬೆಳಕನ್ನೆಲ್ಲ ನುಂಗಿ, ಹಾಡುಹಗಲೇ ನಾನು ಕಂದೀಲು ಹಚ್ಚಿ ಬರೆಯುವಂತಾಗಿತ್ತು. ದುರ್ಗಪ್ಪನವರೋ ವರ್ಷಕ್ಕೊಮ್ಮೆ ಹಸಿರು ತುದಿಗಳನ್ನಷ್ಟೇ ಸವರಿ ಬಿಡುತ್ತಿದ್ದರು. ಅದು ಮೈಗಳ್ಳತನವೆಂದು ತಿಳಿದಿದ್ದೆ. ಎಂಥ ಜಾಣ ನಾನು!

೧೯೦೮ರ ವೈಶಾಖದಲ್ಲಿ ಮಗಳು ಲಗಮವ್ವನ ಮದುವೆಗೆಂದು ಅವರು ಊರಿಗೆ ಹೋದಾಗ, ಬೇಲಿ ಓರಣ ಮಾಡಿಸಬೇಕೆಂದು ಸಾಹೇಬರ ಚೀಟಿ ಬಂತು. ಮದರಂಗಿ ಬೇಲಿ ಎಲ್ಲಿ ಕಡಿದರೂ ಚಿಗುರುವುದನ್ನು ಕಂಡಿದ್ದ ನಾನು, ನಾಲ್ಕು ಆಳು ಕರೆಸಿ ಸುರುವನ್ನು ಸೊಂಟದೆತ್ತರಕ್ಕೆ ಕಡಿಸಿಬಿಟ್ಟೆ. ಮರಳಿ ಬಂದ ದುರ್ಗಪ್ಪನವರು ಬೊಡ್ಡೆಯನ್ನು ಉಗುರಿನಿಂದ ಕೆರೆದು ನೋಡಿದರು.

"ಹಸರು ದಾಟಿ ಒಣಾ ಕಟಗಿಗೆ ಹೋಗೀರಲ್ರಿ. ಸುರು ಇನ್ನ ಚಿಗಿಯೂದಿಲ್ರಿ."

ಬೇಲಿ ಕೆಂಪಗೆ ಒಣಗಿ ನಿಂತಾಗ ಸಾಹೇಬರು ಕೆಂಡವಾದರು. ನಾನು ದಫ್ತರ ಹಿಡಿದು ಹಿಂದೆ ಸರಿದೆ. ದುರ್ಗಪ್ಪನವರೇ ಮುಂದೆ ಬಂದು, "ಊರಿಗೆ ಹೋಗೂಮುಂದ ಕಡೀರಿ ಅಂತ ನಾನ ಹೇಳಿದ್ನಿರಿ, ತಪ್ಪಾತ್ರಿ" ಎಂದುಬಿಟ್ಟರು. ಆ ವರ್ಷ ಅವರಿಗೆ ಬರಬೇಕಾಗಿದ್ದ ಮುಖ್ಯ ಮಾಳಿಯ ಹುದ್ದೆ ತಪ್ಪಿತು, ಮುಂದೆಯೂ ಬರಲಿಲ್ಲ. 'ಮಾಳಿಯ ನಿಷ್ಕಾಳಜಿಯಿಂದ ಬೇಲಿ ನಾಶವಾಯಿತು' ಎಂದು ಅವರ ಸೇವಾ ಪುಸ್ತಕದಲ್ಲಿ ಬರೆದ ಕೈ ಯಾವುದು? ನನ್ನದೇ.

ಯಾಕೆ ಹಾಗೆ ಹೇಳಿದಿರೆಂದು ಮರುದಿನ ಕೇಳಿದೆ. "ನಿಮ್ಮ ನೌಕರಿ ಹ್ವಾದ್ರ ನಿಮಗ ಬ್ಯಾರೆ ಕೆಲಸಾ ಎಲ್ಲಿ ಬರತೈತ್ರಿ? ನಾ ಎಲ್ಲಿದ್ರೂ ಗಿಡಾ ಹಚ್ಚತೇನಿ" ಎಂದು ನಕ್ಕು ಗುದ್ದಲಿ ಹಿಡಿದು ಹೋದರು.

ಬೊಡ್ಡೆಗಳನ್ನು ಬೇರುಸಹಿತ ಕಿತ್ತು, ಕೆರೆಯ ಹೂಳು, ಕೊಳೆತ ಗೊಬ್ಬರ ತುಂಬಿ, ಮುಂಗಾರಿನ ಮಿರಗದ ಮಳೆಗೆ ಹಗ್ಗ ಹಿಡಿದು ಎರಡು ಸಾಲು ಮದರಂಗಿ ಕಡ್ಡಿ ಊರಿದರು. ಸೊಗಸಾಗಿ ಎದ್ದ ಸಸಿಗಳನ್ನು ಮೊಣಕಾಲೆತ್ತರಕ್ಕೆ ಕತ್ತರಿಸಿದಾಗ ನಾನು ಅಯ್ಯೋ ಎಂದೆ. "ಮೊದಲ ಬುಡಾ ದಟ್ಟ ಆಗಲ್ರಿ" ಎಂದರು. ಮೂರು ವರ್ಷಕ್ಕೆ ಗೋಡೆಯಂಥ ಬೇಲಿ, ಬಾಗಿಲಿಗೆ ಗಿಡದಲ್ಲೇ ಕತ್ತರಿಸಿದ ಎರಡು ನವಿಲು, ಮತ್ತು ನನ್ನ ಕಿಟಕಿಯ ಎದುರಿಗೇ, ಥೇಟು ನನ್ನ ರುಮಾಲಿನ ಆಕಾರದ ಒಂದು ಗಿಡ! ಕಚೇರಿಗೆ ಬಂದವರೆಲ್ಲ ಗಿಡವನ್ನೂ ನನ್ನ ತಲೆಯನ್ನೂ ನೋಡಿ ನಗುತ್ತಿದ್ದರು. ದುರ್ಗಪ್ಪನವರು ತಿಂಗಳಿಗೊಮ್ಮೆ ಕತ್ತರಿ ಹಿಡಿದು ಬಂದು, "ಕಾರಕೂನ್ರ, ನಿಮ್ಮ ರುಮಾಲ ಸಡಲಾಗೇತ್ರಿ" ಎನ್ನುವರು. ಒಂದು ದಿನವೂ ಆ ಸುರುವಿನ ಮಾತೆತ್ತಲಿಲ್ಲ. ನಾನೂ ಎತ್ತಲಿಲ್ಲ, ಹದಿನಾಲ್ಕು ವರ್ಷ ಆ ಕಿಟಕಿಯ ಬೆಳಕಿನಲ್ಲಿ ಕೂತು ಎಲ್ಲವನ್ನೂ ಬರೆದೆ, ಇದೊಂದನ್ನು ಬಿಟ್ಟು.

ಈಗ ಬರೆಯುತ್ತಿದ್ದೇನೆ: ಸೇವಾ ಪುಸ್ತಕದ ಆ ವಾಕ್ಯ ಸುಳ್ಳು. ಕಡಿಸಿದವನು ನಾನು. ಇದನ್ನು ಓದಿ ತೋರಿಸಿದಾಗ ದುರ್ಗಪ್ಪನವರು, "ಬಿಡ್ರಿ, ಅದು ಒಣಾ ಕಟಗಿ, ಈಗ್ಯಾಕ ಕೆರೀತೀರಿ" ಎಂದರು. ಬಿಡಲಾರೆ.

ಅವರು ನೂರು ವರ್ಷ ಬಾಳಲಿ, ಕಟಕೋಳದ ಅವರ ಹಿತ್ತಲಲ್ಲಿಯೂ ನವಿಲುಗಳು ಏಳಲಿ. ಸನ್ಮಾನದ ದಿನ, ಆ ರುಮಾಲಿನ ಗಿಡದ ಮುಂದೆ, ನೆರೆದ ಜನರೆಲ್ಲರೆದುರು, ನನ್ನ ತಲೆಯ ರುಮಾಲನ್ನು ಬಿಚ್ಚಿ ನನ್ನ ಕೈಯಾರೆ ಅವರ ತಲೆಗೆ ಸುತ್ತುವವನಿದ್ದೇನೆ. ದುರ್ಗಪ್ಪನವರೇ, ಆಗ ಮಾತ್ರ ಬ್ಯಾಡ ಅನಬ್ಯಾಡ್ರಿ.